ಕೆಂಪು ಕೊಕ್ಕರೆಯ ಮರುಹಾರಾಟ

ಪಾಪರ್ ಚೀಟಿ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಹೆಚ್ಚುಕಡಿಮೆ ಬೈಗುಳವೇ ಆಗಿತ್ತು. ‘ಅವನು ಪಾಪರ್ ಆದನಂತೆ’ ಎಂದು ಯಾರಾದರೂ ಹೇಳಿದರೆ ಆ ಮನೆಯ ಹೆಣ್ಣುಮಕ್ಕಳು ನಾಲ್ಕು ದಿನ ನೀರಿಗೂ ಹೊರಗೆ ಬರುತ್ತಿರಲಿಲ್ಲ. ದಿವಾಳಿ ಎಂದರೆ ಕಥೆ ಮುಗಿಯಿತು, ಬಾಗಿಲಿಗೆ ಬೀಗ ಬಿತ್ತು, ಇನ್ನು ಸಾಲ ಕೊಟ್ಟವರು ಬಂದು ಪಾತ್ರೆ ಪಗಡಿ ಹೊತ್ತುಕೊಂಡು ಹೋಗುತ್ತಾರೆ ಎಂದೇ ನಾವು ತಿಳಿದಿದ್ದೆವು. ದಿವಾಳಿ ಎನ್ನುವುದು ಕೊನೆಯಾಗದೆ ಚಿಕಿತ್ಸೆಯೂ ಆಗಬಹುದು ಎಂಬುದಕ್ಕೆ ಈಚಿನ ಚರಿತ್ರೆಯಲ್ಲಿ ನನಗೆ ತಿಳಿದಿರುವ ಒಳ್ಳೆಯ ಉದಾಹರಣೆ ಜಪಾನ್ ಏರ್‌ಲೈನ್ಸ್‌ನದು.

ಇತಿಹಾಸದ ಮೇಡಂ ರಾಜರನ್ನೂ ಯುದ್ಧಗಳನ್ನೂ ಬಿಟ್ಟು ವಿಮಾನ ಕಂಪನಿಯ ಹಿಂದೆ ಯಾಕೆ ಬಿದ್ದರು ಎಂದು ನೀವು ನಗಬಹುದು. ಆದರೆ ಸಾಮ್ರಾಜ್ಯಗಳ ಏಳುಬೀಳನ್ನು ಮೂವತ್ತು ವರ್ಷ ಪಾಠ ಮಾಡಿದವಳಿಗೆ ದೊಡ್ಡ ಸಂಸ್ಥೆಗಳ ಏಳುಬೀಳು ಹೊಸದಾಗಿ ಕಾಣುವುದಿಲ್ಲ. ಖಜಾನೆ ಬರಿದಾಗುವ ರೀತಿ ಎಲ್ಲ ಕಡೆ ಒಂದೇ. ಅಪರೂಪವೆಂದರೆ ಬಿದ್ದದ್ದು ಮತ್ತೆ ಏಳುವುದು.

ಜಪಾನ್ ಏರ್‌ಲೈನ್ಸ್ ಹುಟ್ಟಿದ್ದು 1951ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೋತು, ಸುಟ್ಟು ಬೂದಿಯಾಗಿದ್ದ ದೇಶ ಅದು. 1953ರಲ್ಲಿ ಸರ್ಕಾರವೂ ಬಂಡವಾಳ ಹಾಕಿ ಅದನ್ನು ರಾಷ್ಟ್ರೀಯ ವಿಮಾನ ಸಂಸ್ಥೆಯನ್ನಾಗಿ ಮಾಡಿತು. 1954ರಲ್ಲಿ ಅದರ ವಿಮಾನ ಮೊದಲ ಬಾರಿಗೆ ಸಾಗರ ದಾಟಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ನಿನ್ನೆ ಮೊನ್ನೆ ಯಾವ ದೇಶದ ಬಾಂಬು ತಿಂದಿದ್ದರೋ ಅದೇ ದೇಶಕ್ಕೆ ತಮ್ಮ ಧ್ವಜ ಹೊತ್ತ ವಿಮಾನ ಹೋಗಿ ಇಳಿಯಿತೆಂದರೆ ಜಪಾನೀಯರ ಮನಸ್ಸಿಗೆ ಹೇಗಾಗಿರಬೇಡ! ಮುಂದೆ ರೆಕ್ಕೆ ಬಿಚ್ಚಿದ ಕೆಂಪು ಕೊಕ್ಕರೆಯೊಂದು ಅದರ ಲಾಂಛನವಾಯಿತು. ಜಪಾನೀಯರಿಗೆ ಕೊಕ್ಕರೆ ಶುಭದ, ದೀರ್ಘಾಯುಸ್ಸಿನ ಹಕ್ಕಿ. ಅದರಲ್ಲಿ ಕೆಲಸ ಸಿಕ್ಕಿತೆಂದರೆ ನಮ್ಮಲ್ಲಿ ಹಿಂದೆ ಬ್ಯಾಂಕಿನ ನೌಕರಿ ಸಿಕ್ಕಿದ ಹಾಗೆ, ಜೀವನಪೂರ್ತಿ ಯೋಚನೆಯಿಲ್ಲ.

ಆ ‘ಯೋಚನೆಯಿಲ್ಲ’ ಎಂಬುದೇ ರೋಗದ ಮೂಲವಾಯಿತು. 1987ರಲ್ಲಿ ಸರ್ಕಾರ ತನ್ನ ಪಾಲನ್ನು ಮಾರಿತು. ಕಾಗದದ ಮೇಲೆ ಸಂಸ್ಥೆ ಖಾಸಗಿಯಾಯಿತಾದರೂ ಮನಸ್ಸು ಸರ್ಕಾರಿಯಾಗಿಯೇ ಉಳಿಯಿತು. ಪ್ರತಿಯೊಬ್ಬ ರಾಜಕಾರಣಿಗೂ ತನ್ನ ಊರಿಗೊಂದು ವಿಮಾನ ನಿಲ್ದಾಣ ಬೇಕು. ನಿಲ್ದಾಣ ಕಟ್ಟಿದ ಮೇಲೆ ಅಲ್ಲಿಗೊಂದು ವಿಮಾನ ಬೇಕು. ಆ ಚಿಕ್ಕ ದೇಶದಲ್ಲಿ 2010ರ ಹೊತ್ತಿಗೆ ನಿಲ್ದಾಣಗಳ ಸಂಖ್ಯೆ ನೂರರ ಹತ್ತಿರ ಬಂದಿತ್ತು. ಜನವೇ ಹತ್ತದ ಮಾರ್ಗಗಳಲ್ಲಿ ವಿಮಾನಗಳು ಅರ್ಧ ಖಾಲಿಯಾಗಿ ಹಾರುತ್ತಿದ್ದವು. ಹಣ ಹುಟ್ಟುವ ಮಾರ್ಗಗಳಲ್ಲೂ ದೈತ್ಯಾಕಾರದ ಜಂಬೋ ವಿಮಾನಗಳು ಇಂಧನ ಕುಡಿಯುತ್ತಿದ್ದವು. ಸಂಸ್ಥೆ ಹೋಟೆಲು ವ್ಯವಹಾರಕ್ಕೂ ಕೈ ಹಾಕಿತ್ತು. ಒಳಗೆ ಎಂಟು ನೌಕರರ ಸಂಘಗಳು. ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಮೇಲೆ ಕೂತವರಿಗೆ ಕೆಳಗಿನವರ ಕಷ್ಟ ಗೊತ್ತಿಲ್ಲ, ಕೆಳಗಿನವರಿಗೆ ಮೇಲಿನವರ ಲೆಕ್ಕ ಗೊತ್ತಿಲ್ಲ.

ಅದರ ಮೇಲೆ ಹೊರಗಿನ ಏಟುಗಳೂ ಬಿದ್ದವು. 2001ರಲ್ಲಿ ಅಮೆರಿಕದ ಮೇಲೆ ಭಯೋತ್ಪಾದಕರ ದಾಳಿ, 2003ರಲ್ಲಿ ಸಾರ್ಸ್ ಜ್ವರ, 2008ರಲ್ಲಿ ಆಕಾಶಕ್ಕೇರಿದ ತೈಲಬೆಲೆ ಮತ್ತು ಆ ವರ್ಷದ ಕೊನೆಗೆ ಜಗತ್ತಿನ ಆರ್ಥಿಕ ಕುಸಿತ. ಗಟ್ಟಿ ಗೋಡೆಯಾಗಿದ್ದರೆ ಮಳೆಗೆ ನಿಲ್ಲುತ್ತಿತ್ತು. ಒಳಗೆ ಗೆದ್ದಲು ಹಿಡಿದಿದ್ದ ಗೋಡೆ ಕುಸಿಯಿತು.

ಇಲ್ಲಿ ಹರುಕಾ ನಿಶಿಮತ್ಸು ಎಂಬ ಅಧ್ಯಕ್ಷರ ಮಾತು ಹೇಳಬೇಕು. ದಿವಾಳಿಗೆ ಮೊದಲು ಸಂಸ್ಥೆಯನ್ನು ನಡೆಸುತ್ತಿದ್ದವರು ಅವರು. ಕಾರು ಬಿಟ್ಟು ಸಿಟಿ ಬಸ್ಸಿನಲ್ಲಿ ಕಚೇರಿಗೆ ಬರುತ್ತಿದ್ದರು, ಮಧ್ಯಾಹ್ನ ನೌಕರರ ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಂತು ಊಟ ತರುತ್ತಿದ್ದರು, ತಮ್ಮ ಸಂಬಳವನ್ನು ತಮ್ಮದೇ ಪೈಲಟ್‌ಗಳ ಸಂಬಳಕ್ಕಿಂತ ಕೆಳಗೆ ಇಳಿಸಿಕೊಂಡಿದ್ದರು. ಎಷ್ಟು ಒಳ್ಳೆಯ ಮನುಷ್ಯ! ಆದರೂ ಸಂಸ್ಥೆ ಉಳಿಯಲಿಲ್ಲ. ಯಜಮಾನಿ ಒಬ್ಬಳೇ ಒಪ್ಪೊತ್ತು ಉಂಡರೆ ಮನೆಯ ಸಾಲ ತೀರುವುದಿಲ್ಲ ಎಂಬುದು ನಮಗೇನು ಹೊಸ ಮಾತಲ್ಲ. ಎಷ್ಟೋ ಮನೆಗಳಲ್ಲಿ ತಾಯಂದಿರು ತಮ್ಮ ಹೊಟ್ಟೆ ಕಟ್ಟಿ ಸಂಸಾರ ಉಳಿಸಲು ಹೆಣಗುತ್ತಾರೆ. ಸೋರುವ ತೂತು ಮಾತ್ರ ಬೇರೆ ಕಡೆಯೇ ಇರುತ್ತದೆ. ತ್ಯಾಗ ದೊಡ್ಡದು, ನಿಜ. ತೂತು ಮುಚ್ಚುವ ಕೆಲಸವನ್ನು ಅದು ಮಾಡಲಾರದು.

2010ರ ಜನವರಿ 19ರಂದು ಜಪಾನ್ ಏರ್‌ಲೈನ್ಸ್ ಟೋಕಿಯೋದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ನಮ್ಮ ಕೈಲಿ ಸಾಲ ತೀರಿಸಲು ಆಗುವುದಿಲ್ಲ, ರಕ್ಷಣೆ ಕೊಡಿ ಎಂದು ಕೇಳಿಕೊಂಡಿತು. ಸಾಲದ ಮೊತ್ತ ಸುಮಾರು 2.3 ಲಕ್ಷ ಕೋಟಿ ಯೆನ್. ಬ್ಯಾಂಕುಗಳಂಥ ಹಣಕಾಸು ಸಂಸ್ಥೆಗಳನ್ನು ಬಿಟ್ಟರೆ, ಯುದ್ಧಾನಂತರದ ಜಪಾನಿನಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ.

ಆದರೆ ಆ ದಿನ ಒಂದೇ ಒಂದು ವಿಮಾನವೂ ಈ ಕಾರಣಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಟಿಕೆಟ್ ಕೊಂಡವರು ಸಂಜೆ ಊರು ಸೇರಿದರು. ಇಡೀ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಇದೇ. ಒಂದು ಕಾರ್ಖಾನೆ ಆರು ತಿಂಗಳು ಬೀಗ ಹಾಕಿಕೊಂಡಿದ್ದರೂ ಯಂತ್ರಗಳು ಅಲ್ಲೇ ಇರುತ್ತವೆ. ಬೀಗ ತೆಗೆದು ಎಣ್ಣೆ ಬಿಟ್ಟರೆ ಮತ್ತೆ ತಿರುಗುತ್ತವೆ. ವಿಮಾನ ಸಂಸ್ಥೆ ಹಾಗಲ್ಲ. ಅದರ ಬಹಳಷ್ಟು ವಿಮಾನಗಳು ಬಾಡಿಗೆಯವು. ಬಾಡಿಗೆ ನಿಂತರೆ ಮಾಲೀಕರು ಬಂದು ಒಯ್ಯುತ್ತಾರೆ. ನಿಲ್ದಾಣದಲ್ಲಿ ಏಳುವ ಇಳಿಯುವ ಸಮಯವೂ ಇಷ್ಟು ಗಂಟೆಗೆ ಎಂದು ಹಂಚಿಕೆಯಾದದ್ದು. ಬಳಸದಿದ್ದರೆ ಬೇರೆಯವರ ಪಾಲಾಗುತ್ತದೆ. ಪೈಲಟ್‌ಗಳಿಗೆ ಎಲ್ಲೆಡೆ ಬೇಡಿಕೆ, ಅವರು ಕಾದು ಕೂರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಪ್ರಯಾಣಿಕರು ಹಣವನ್ನು ಮುಂಗಡವಾಗಿ ಕೊಡುತ್ತಾರೆ. ಮುಂದಿನ ತಿಂಗಳು ಹಾರುತ್ತದೆ ಎಂಬ ನಂಬಿಕೆಯ ಮೇಲೆ ಈ ತಿಂಗಳು ದುಡ್ಡು ಬರುತ್ತದೆ. ನಂಬಿಕೆ ಹೋದ ದಿನ ಗಲ್ಲಾಪೆಟ್ಟಿಗೆ ಖಾಲಿ. ಚೀಟಿ ಹಾಕಿದ ಹೆಂಗಸರಿಗೆ ಇದು ಬೇಗ ಅರ್ಥವಾದೀತು. ಚೀಟಿ ನಡೆಸುವವಳು ಊರು ಬಿಟ್ಟಳಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಅವಳು ಮನೆಯಲ್ಲೇ ಇದ್ದರೂ ಚೀಟಿ ಮುರಿಯುತ್ತದೆ.

ಆದ್ದರಿಂದ ಜಪಾನಿನಲ್ಲಿ ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಷ್ಟದಲ್ಲಿರುವ ಉದ್ಯಮಗಳನ್ನು ಎತ್ತಲೆಂದೇ 2009ರಲ್ಲಿ ಅಲ್ಲಿನ ಸರ್ಕಾರದ ಬೆಂಬಲದಿಂದ ಒಂದು ನಿಧಿ ಸಂಸ್ಥೆ ಹುಟ್ಟಿತ್ತು. ಅದು 35,000 ಕೋಟಿ ಯೆನ್ ಬಂಡವಾಳ ಹಾಕಿತು. ಇಂಧನ ಕೊಡುವವರ, ಊಟ ಒದಗಿಸುವವರ ಬಾಕಿ ಪೂರ್ತಿ ಕೊಡುತ್ತೇವೆ, ಪ್ರಯಾಣಿಕರು ಕೂಡಿಟ್ಟ ಮೈಲೇಜ್ ಅಂಕಗಳೂ ಉಳಿಯುತ್ತವೆ ಎಂದು ಮೊದಲ ದಿನವೇ ಸಾರಿದರು. ನಷ್ಟ ಹೊತ್ತವರು ಬ್ಯಾಂಕುಗಳು ಮತ್ತು ಷೇರುದಾರರು. ಸಾಲ ಕೊಟ್ಟವರು 52,000 ಕೋಟಿ ಯೆನ್‌ಗೂ ಹೆಚ್ಚು ಬಿಟ್ಟುಕೊಟ್ಟರು. ಷೇರುಗಳ ಬೆಲೆ ಸೊನ್ನೆಯಾಯಿತು. ದೇಶದ ಹೆಮ್ಮೆಯೆಂದು ನಾಲ್ಕು ಷೇರು ಕೊಂಡಿಟ್ಟಿದ್ದ ಸಾಮಾನ್ಯ ಸಂಸಾರಗಳ ದುಡ್ಡೂ ಅದರಲ್ಲಿ ಹೋಯಿತು.

ಇನ್ನೊಂದು ಸಂಗತಿ ಓದಿದಾಗ ನನಗೆ ಎದೆ ಚುರುಕ್ ಎಂದಿತು. ಸಂಸ್ಥೆಯ ನಿವೃತ್ತ ನೌಕರರನ್ನು, ನಿಮ್ಮ ಪಿಂಚಣಿಯಲ್ಲಿ ಸುಮಾರು ಶೇಕಡ 30 ಭಾಗ ಬಿಟ್ಟುಕೊಡುತ್ತೀರಾ ಎಂದು ಕೇಳಿದರು. ಮೂರನೆಯ ಎರಡು ಭಾಗದಷ್ಟು ಜನ ಒಪ್ಪಲೇಬೇಕಿತ್ತು. ಅದಕ್ಕೂ ಹೆಚ್ಚು ಜನ ಒಪ್ಪಿದರು. ಕೆಲಸದಲ್ಲಿದ್ದವರು ಮುಂದಿನ ಪಿಂಚಣಿಯಲ್ಲಿ ಸುಮಾರು ಅರ್ಧದಷ್ಟನ್ನು ಕಳೆದುಕೊಂಡರು. ಪಿಂಚಣಿ ಎಂದರೇನೆಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಪ್ಪಿನಲ್ಲಿ ಮಕ್ಕಳ ಮುಂದೆ ಕೈಚಾಚದೆ ಬದುಕುವ ಮಾನ ಅದು. ಅದರಲ್ಲೊಂದು ಪಾಲನ್ನು ಬಿಟ್ಟುಕೊಟ್ಟವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಪುಸ್ತಕಗಳಲ್ಲಿ ಬರುವ ಹೆಸರು ಕಜುವೊ ಇನಮೊರಿಯವರದು. ಸಂಸ್ಥೆಯನ್ನು ಎತ್ತಿ ನಿಲ್ಲಿಸಲು ಸರ್ಕಾರ ಕೈಮುಗಿದು ಕರೆದದ್ದು 78 ವರ್ಷದ ಈ ಮುದುಕರನ್ನು. ಹುಟ್ಟಿದ್ದು 1932ರಲ್ಲಿ, ಕಾಗೊಶಿಮಾದಲ್ಲಿ. ಹುಡುಗನಾಗಿದ್ದಾಗ ಪರೀಕ್ಷೆಯಲ್ಲಿ ಫೇಲಾಗಿ, ಕ್ಷಯದಿಂದ ಹಾಸಿಗೆ ಹಿಡಿದು ಎದ್ದವರು. 1959ರಲ್ಲಿ ಕ್ಯೋಟೋದಲ್ಲಿ ಪಿಂಗಾಣಿಯ ಬಿಡಿಭಾಗಗಳನ್ನು ಮಾಡುವ ಸಣ್ಣ ಕಂಪನಿ ಶುರುಮಾಡಿ ಅದನ್ನು ಕ್ಯೋಸೆರಾ ಎಂಬ ದೊಡ್ಡ ಉದ್ಯಮವಾಗಿ ಬೆಳೆಸಿದವರು. 1997ರಲ್ಲಿ ಬೌದ್ಧ ದೀಕ್ಷೆಯನ್ನೂ ಪಡೆದಿದ್ದರು. ವಿಮಾನದ ವ್ಯವಹಾರ ಮಾತ್ರ ಅವರಿಗೆ ಒಂದಿಷ್ಟೂ ಗೊತ್ತಿರಲಿಲ್ಲ. ಸಂಬಳ ಬೇಡ ಎಂಬ ಷರತ್ತಿನ ಮೇಲೆ 2010ರ ಫೆಬ್ರವರಿಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು.

ಆ ವರ್ಷದ ಜೂನ್ ತಿಂಗಳಲ್ಲಿ ಇನಮೊರಿ ಸುಮಾರು ಐವತ್ತು ಮಂದಿ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು ದಿನ ಬಿಟ್ಟು ದಿನ ಎಂಬಂತೆ ಪಾಠ ಶುರುಮಾಡಿದರು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದವರು ಅವರು. ಪಾಠವಾದರೋ, ಸುಳ್ಳು ಹೇಳಬೇಡಿ, ಪ್ರಾಮಾಣಿಕರಾಗಿರಿ, ಮನುಷ್ಯನಾಗಿ ಯಾವುದು ಸರಿ ಎಂದು ಕೇಳಿಕೊಳ್ಳಿ ಎಂಬ ಒಂದನೇ ತರಗತಿಯ ನೀತಿ. ಮೊದಮೊದಲು ಅವರಿಗೆಲ್ಲ ಸಿಟ್ಟು ಬಂದಿತಂತೆ. ಒಂದನೇ ತರಗತಿಯ ಪಾಠ ದೊಡ್ಡವರಿಗೆ ಕಷ್ಟವೆಂಬುದು ಮೇಷ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ಪಾಠ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಬಿಯರ್ ಕುಡಿಯುತ್ತ ಮಾತಾಡಬೇಕು ಎಂಬುದೂ ಅವರದೇ ಕಟ್ಟಳೆ. ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿದ್ದು ಮುಖ ನೋಡದವರು ಅಲ್ಲಿ ಮಾತಾಡಲು ಕಲಿತರು.

ನೀತಿಪಾಠ ಒಂದರಿಂದಲೇ ಕಂಪನಿ ಎದ್ದಿತೆಂದರೆ ನಾನು ನಂಬಲಾರೆ. ಅದರ ಜೊತೆಗೆ ಇನಮೊರಿ ಲೆಕ್ಕವನ್ನು ಮೇಲಿನ ಕೋಣೆಯಿಂದ ಕೆಳಗೆ ಇಳಿಸಿದರು. ಅಲ್ಲಿಯವರೆಗೆ ಯಾವ ಮಾರ್ಗದಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬುದು ತಿಂಗಳುಗಳ ಮೇಲೆ ತಿಳಿಯುತ್ತಿತ್ತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೂ ಆರಿರುತ್ತಿತ್ತು. ಅವರು ಸಂಸ್ಥೆಯನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ತನ್ನ ಆದಾಯ ಖರ್ಚು ತಾನೇ ನೋಡಿಕೊಳ್ಳುವ ಹೊಣೆ ಕೊಟ್ಟರು. ಒಂದೊಂದು ಹಾರಾಟದ ಲೆಕ್ಕವೂ ಮರುದಿನಕ್ಕೆ ಸಿಗುವಂತಾಯಿತು. ಪೈಲಟ್‌ಗಳು ಕಾಗದದ ಲೋಟ ಉಳಿಸಲು ಮನೆಯಿಂದ ಲೋಟ ತರತೊಡಗಿದರು. ಲೋಟದಲ್ಲಿ ಎಷ್ಟು ಉಳಿದೀತು ಎಂದು ಕೇಳಬೇಡಿ. ಇದು ನಮ್ಮದು ಎಂದು ಅವರಿಗೆ ಅನಿಸಿತಲ್ಲ, ಅದು ಮುಖ್ಯ. ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ವಾರ ವಾರ ಎಲ್ಲರೆದುರು ಪುಸ್ತಕ ತೆರೆದು ಓದುತ್ತಾರಲ್ಲ, ಇದೂ ಅದೇ ಶಾಸ್ತ್ರ. ಲೆಕ್ಕ ಎಲ್ಲರಿಗೂ ಕಾಣುವ ಕಡೆ ಕಳ್ಳತನವೂ ಕಡಿಮೆ, ಸೋಮಾರಿತನವೂ ಕಡಿಮೆ.

ನಷ್ಟದ ಮಾರ್ಗಗಳು ನಿಂತವು. ಹಳೆಯ ಜಂಬೋ ವಿಮಾನಗಳು ಹೋದವು. ಕೊನೆಯದು 2011ರ ಮಾರ್ಚ್ 1ರಂದು ಹಾರಿತು. ಹತ್ತು ದಿನಕ್ಕೆ ಮಹಾ ಭೂಕಂಪ ಮತ್ತು ಸುನಾಮಿ. ಸೆಂಡೈ ವಿಮಾನ ನಿಲ್ದಾಣದ ಮೇಲೆ ಸಮುದ್ರವೇ ನುಗ್ಗಿತು. ಇನ್ನೂ ನ್ಯಾಯಾಲಯದ ನೆರಳಿನಲ್ಲೇ ಇದ್ದ ಸಂಸ್ಥೆ ಆ ಪ್ರದೇಶದ ಉಳಿದ ನಿಲ್ದಾಣಗಳಿಗೆ ಹೆಚ್ಚುವರಿ ವಿಮಾನಗಳನ್ನು ಬಿಟ್ಟಿತು. ಅದೇ ತಿಂಗಳ 28ರಂದು ದಿವಾಳಿಯ ಪ್ರಕ್ರಿಯೆ ಮುಗಿಯಿತು. ಹಿಂದಿನ ವರ್ಷ 13,000 ಕೋಟಿ ಯೆನ್‌ಗೂ ಮೀರಿ ನಷ್ಟದಲ್ಲಿದ್ದ ವ್ಯವಹಾರ ಈಗ 18,000 ಕೋಟಿ ಯೆನ್‌ಗೂ ಮೀರಿ ಲಾಭ ತೋರಿಸಿತು. ನಡುವೆ ಕೆಲವು ವರ್ಷ ವಿಮಾನಗಳ ಬಾಲದಿಂದ ಮಾಯವಾಗಿದ್ದ ಕೆಂಪು ಕೊಕ್ಕರೆ 2011ರ ಏಪ್ರಿಲ್‌ನಲ್ಲಿ ಮರಳಿ ಬಂತು. 2012ರ ಸೆಪ್ಟೆಂಬರ್ 19ರಂದು ಸಂಸ್ಥೆಯ ಷೇರುಗಳು ಟೋಕಿಯೋ ಷೇರುಪೇಟೆಗೆ ಹಿಂದಿರುಗಿದವು. ಸರ್ಕಾರದ ನಿಧಿ ಹಾಕಿದ್ದ 35,000 ಕೋಟಿ ಯೆನ್ ಸುಮಾರು 66,000 ಕೋಟಿಯಾಗಿ ವಾಪಸಾಯಿತು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಸೊಗಸಾಗಿರುತ್ತದೆ. ಆದರೆ ಗೆದ್ದವರ ಚರಿತ್ರೆಯನ್ನಷ್ಟೇ ಹೇಳುವುದು ಚರಿತ್ರೆಯ ಮೇಡಂಗೆ ಒಪ್ಪುವುದಿಲ್ಲ. ಸಂಸ್ಥೆ ಉಳಿಯಲು ಸುಮಾರು 16,000 ಜನ ಕೆಲಸ ಬಿಡಬೇಕಾಯಿತು. ಮೂವರಲ್ಲಿ ಒಬ್ಬರು ಎನ್ನಿ. ಹೆಚ್ಚಿನವರು ಸ್ವಯಂನಿವೃತ್ತಿಯ ಹೆಸರಿನಲ್ಲಿ ಹೋದರು. ಹೋಗಲೊಪ್ಪದ 165 ಮಂದಿಯನ್ನು 2010ರ ಡಿಸೆಂಬರ್ 31ರಂದು ವಜಾ ಮಾಡಿದರು. ಅವರಲ್ಲಿ 81 ಜನ ಪೈಲಟ್‌ಗಳು, 84 ಜನ ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವ ಸಿಬ್ಬಂದಿ, ಅಂದರೆ ಬಹುಪಾಲು ಹೆಂಗಸರು. ಸಂಸ್ಥೆ ಅಷ್ಟು ಹೊತ್ತಿಗೆ ಲಾಭದ ದಾರಿ ಹಿಡಿದಿತ್ತು. ನಮ್ಮನ್ನು ಕಳಿಸುವ ಅಗತ್ಯವೇನಿತ್ತು ಎಂದು ಅವರು ನ್ಯಾಯಾಲಯದಲ್ಲಿ ಕೇಳಿದರು. ವರ್ಷಗಟ್ಟಲೆ ಹೋರಾಡಿ 2015ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಸರ್ಕಾರದ ಹಣ, ತೆರಿಗೆಯ ರಿಯಾಯಿತಿ ಎಲ್ಲ ಒಬ್ಬರಿಗೇ ಕೊಟ್ಟರೆ ನೆಟ್ಟಗೆ ಸಂಸಾರ ಮಾಡಿದ ನಾವು ಮಾಡಿದ ತಪ್ಪೇನು ಎಂದು ಪ್ರತಿಸ್ಪರ್ಧಿ ಆಲ್ ನಿಪ್ಪಾನ್ ಸಂಸ್ಥೆಯೂ ಕೇಳಿತು. ಆ ಪ್ರಶ್ನೆಯನ್ನೂ ತಳ್ಳಿಹಾಕುವ ಹಾಗಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯಿದ್ದ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಭರ್ಜರಿಯಾಗಿ ಶುರುವಾಗಿ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿದ ನೌಕರರ ಗೋಳು ಆಗ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಸಾಲದ ಸಂಸ್ಥೆಗೆ ಕಾಲಮಿತಿಯಲ್ಲಿ ಮರುಜೀವ ಕೊಡುವ ಕಾನೂನು ನಮ್ಮಲ್ಲಿ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಅದರ ಕಥೆ ಮುಗಿದಿತ್ತು.

ಕಾನೂನು ಬಂದ ಮೇಲಾದರೂ? 1993ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿದ ಜೆಟ್ ಏರ್‌ವೇಸ್ ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ವಿಮಾನಗಳ ದೊಡ್ಡ ಸಂಸ್ಥೆ. ಬ್ಯಾಂಕುಗಳು ತುರ್ತುಸಾಲ ಕೊಡಲು ಒಪ್ಪದೆ 2019ರ ಏಪ್ರಿಲ್ 17ರ ರಾತ್ರಿ ಅದರ ಕೊನೆಯ ವಿಮಾನ ಅಮೃತಸರದಿಂದ ಮುಂಬಯಿಗೆ ಬಂದು ಇಳಿಯಿತು. ದಿವಾಳಿಯ ಅರ್ಜಿ ನ್ಯಾಯಮಂಡಳಿಯಲ್ಲಿ ಅಂಗೀಕಾರವಾದದ್ದು ಜೂನ್ 20ಕ್ಕೆ. ಆ ಎರಡು ತಿಂಗಳಲ್ಲಿ ಬಾಡಿಗೆ ವಿಮಾನಗಳು ಹೋದವು, ನಿಲ್ದಾಣದ ಸಮಯಗಳು ಬೇರೆಯವರಿಗೆ ಹಂಚಿಹೋದವು, ಪೈಲಟ್‌ಗಳು ಬೇರೆ ಕಡೆ ಸೇರಿದರು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರಲ್ಲ, ಇಲ್ಲಿ ಮನೆ ಸುಟ್ಟ ಮೇಲೆ ಗುದ್ದಲಿ ಹುಡುಕಿದರು. 2021ರಲ್ಲಿ ಹೊಸಬರ ಯೋಜನೆಗೆ ಒಪ್ಪಿಗೆ ಸಿಕ್ಕಿತು, 2022ರಲ್ಲಿ ಹಾರಲು ಪರವಾನಗಿಯೂ ಮತ್ತೆ ಸಿಕ್ಕಿತು. ಒಬ್ಬ ಟಿಕೆಟ್ ಕೊಂಡ ಪ್ರಯಾಣಿಕನನ್ನೂ ಅದು ಮತ್ತೆ ಹೊತ್ತೊಯ್ಯಲಿಲ್ಲ. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟು, ಇನ್ನು ಸಾಕು, ಇದ್ದದ್ದನ್ನು ಮಾರಿ ಸಾಲ ತೀರಿಸಿ ಎಂದು ಆದೇಶ ಕೊಟ್ಟಿತು. 2023ರ ಮೇ ತಿಂಗಳಲ್ಲಿ ತಾನಾಗಿಯೇ ನ್ಯಾಯಮಂಡಳಿಗೆ ಹೋದ ಗೋ ಫಸ್ಟ್ ಸಂಸ್ಥೆಯೂ ಹೋಗುವಾಗಲೇ ಹಾರಾಟ ನಿಲ್ಲಿಸಿತು. 2025ರ ಜನವರಿಯಲ್ಲಿ ಅದಕ್ಕೂ ಅದೇ ಗತಿಯಾಯಿತು.

ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಜಪಾನೀಯರು ನಮಗಿಂತ ಬುದ್ಧಿವಂತರು ಎಂದೋ ಶಿಸ್ತಿನವರು ಎಂದೋ ನನಗೆ ಅನಿಸುವುದಿಲ್ಲ. ಅವರ ಸಂಸ್ಥೆ ಹಾಳಾದದ್ದೂ ನಮ್ಮ ಹಾಗೆಯೇ. ಅವರು ರೋಗಿಯ ಉಸಿರು ಇದ್ದಾಗಲೇ ಆಸ್ಪತ್ರೆಗೆ ಸೇರಿಸಿದರು. ಔಷಧಿಯ ಖರ್ಚು ಯಾರು ಕೊಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡಿದ್ದರು. ನಾವು ಉಸಿರು ನಿಂತ ಮೇಲೆ ಸೇರಿಸಿ, ಖರ್ಚಿನ ಜಗಳವನ್ನು ಐದು ವರ್ಷ ಎಳೆದೆವು. ಯಾವುದಾದರೂ ವಿಮಾನ ಸಂಸ್ಥೆ ದಿವಾಳಿಯೆಂದು ಪತ್ರಿಕೆಯಲ್ಲಿ ಓದಿದರೆ ನಾನೀಗ ಸಾಲದ ಅಂಕಿಯನ್ನು ಮೊದಲು ನೋಡುವುದಿಲ್ಲ. ಅದು ಇವತ್ತು ಹಾರುತ್ತಿದೆಯೇ ಎಂದು ನೋಡುತ್ತೇನೆ. ಆಮೇಲೆ, ಉಳಿಸುವ ಭಾರವನ್ನು ಯಾರ ಹೆಗಲಿಗೆ ಹಾಕಿದ್ದಾರೆ ಎಂದು.

ಇನಮೊರಿ 2022ರ ಆಗಸ್ಟ್‌ನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸಂಸ್ಥೆಗೆ ಇನ್ನೊಂದು ಅಗ್ನಿಪರೀಕ್ಷೆಯಾಗಿತ್ತು. ಕೊರೋನಾ ಬಂದು ಜಗತ್ತಿನ ಆಕಾಶವೇ ಖಾಲಿಯಾದಾಗ ಜಪಾನ್ ಏರ್‌ಲೈನ್ಸ್ ಭಾರೀ ನಷ್ಟ ಕಂಡಿತು. ಆದರೆ ಮತ್ತೆ ನ್ಯಾಯಾಲಯದ ಬಾಗಿಲಿಗೆ ಹೋಗಲಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಅದರ ವಿಮಾನ ಇಳಿಯುವಾಗ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ಈ ದೊಡ್ಡ ವಿಮಾನದಲ್ಲಿದ್ದ 379 ಜನರೂ ಬದುಕಿ ಹೊರಗೆ ಬಂದರು; ಅವರನ್ನು ಕ್ರಮವಾಗಿ ಹೊರಗೆ ಇಳಿಸಿದವರು ಕ್ಯಾಬಿನ್ ಸಿಬ್ಬಂದಿ. 1985ರ ಆಗಸ್ಟ್‌ನ ಅಪಘಾತದಲ್ಲಿ 520 ಜೀವಗಳನ್ನು ಕಳೆದುಕೊಂಡ ಸಂಸ್ಥೆ ಇದು. ಖರ್ಚು ಕಡಿತದ ಕತ್ತರಿ ಎಲ್ಲೆಲ್ಲೋ ಆಡಿದರೂ ತರಬೇತಿಯ ಮೇಲೆ ಆಡಿರಲಿಲ್ಲ ಎಂಬುದು ಆ ಸಂಜೆ ಲೋಕಕ್ಕೆಲ್ಲ ಕಂಡಿತು.

ಅದೇ 2024ರ ಏಪ್ರಿಲ್‌ನಲ್ಲಿ ಮಿತ್ಸುಕೊ ತೊತ್ತೊರಿ ಎಂಬ ಹೆಣ್ಣುಮಗಳು ಜಪಾನ್ ಏರ್‌ಲೈನ್ಸ್‌ನ ಅಧ್ಯಕ್ಷೆಯಾದರು. ನಾಗಸಾಕಿಯ ಒಂದು ಮಹಿಳಾ ಜೂನಿಯರ್ ಕಾಲೇಜಿನಲ್ಲಿ ಓದಿ, 1985ರಲ್ಲಿ, ಮುಂದೆ ಈ ಸಂಸ್ಥೆಯೊಳಗೆ ಸೇರಿಹೋದ ಇನ್ನೊಂದು ವಿಮಾನ ಕಂಪನಿಯಲ್ಲಿ ಗಗನಸಖಿಯಾಗಿ ಕೆಲಸ ಶುರುಮಾಡಿದವರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು, ಕ್ಯಾಬಿನ್ ಸಿಬ್ಬಂದಿಯಿಂದ ಬಂದ ಮೊದಲಿಗರು ಅವರೇ. ಸಂತೋಷದ ಸುದ್ದಿ. ಅವರ ಜೊತೆಗೇ ಚಹಾದ ತಟ್ಟೆ ಹಿಡಿದು ಓಡಾಡಿ, 2010ರ ಕೊನೆಯ ದಿನ ಮನೆಗೆ ಹೋಗಬೇಕಾಗಿ ಬಂದ ಹೆಂಗಸರ ನೆನಪೂ ಆ ಸಂತೋಷದ ಪಕ್ಕದಲ್ಲೇ ಇರಲಿ. ಉಳಿದ ಸಂಸ್ಥೆಯಲ್ಲಿ ಇಬ್ಬರ ಪಾಲೂ ಇದೆ.